ಮುನ್ನೂರು ಲೀಟರ್ ಸಮುದ್ರಕ್ಕೆ ಯಾವ ನೀರು?

“ಆಗೋದಿಲ್ಲ” ಎಂದವರು ನಮ್ಮ ಅತ್ತೆ, ಸೀತಮ್ಮ. ಅಂಕೋಲೆ ಕಡೆಯ ಕಡಲ ದಂಡೆಯಲ್ಲಿ ಹುಟ್ಟಿ ಬೆಳೆದವರು. ನನ್ನ ಗಂಡ ಗಣಪತಿಗೆ ದೆಹಲಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ. ಮಾವ ತೀರಿಹೋದ ಮೇಲೆ ಅತ್ತೆಯೂ ಸರೋಜಿನಿ ನಗರದ ನಮ್ಮ ಎರಡು ಕೋಣೆಯ ಕ್ವಾರ್ಟರ್ಸಿಗೆ ಬಂದರು. ಬರುವಾಗ ತಂದದ್ದು ಒಂದು ಟ್ರಂಕು, ಒಂದು ತಾಮ್ರದ ಕೊಡ.

ಒಂದು ಸಂಜೆ ಅವರಿಗೆ ಎರಡು ಸುದ್ದಿ ಒಟ್ಟಿಗೆ ಹೇಳಿದೆ. ನಾನು ಕೆಲಸಕ್ಕಿದ್ದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸಮುದ್ರದ ಮೀನು ಸಾಕಲು ಗಾಜಿನ ತೊಟ್ಟಿ ಇಡುತ್ತಾರೆ, ಅದರ ಉಸ್ತುವಾರಿ ನನ್ನದು. ಜೊತೆಗೆ, ದೂರಶಿಕ್ಷಣದಲ್ಲಿ ಬಿ.ಎಸ್ಸಿ.ಗೆ ಹೆಸರು ನೋಂದಾಯಿಸಿದ್ದೇನೆ.

ಪಾಲಕ್ ಸೋಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. “ಕುಡಿಯೋ ನೀರು ಬೆಳಗ್ಗೆ ಒಂದು ತಾಸು ಬಂದರೆ ಪುಣ್ಯ. ಇಂಥ ಊರಲ್ಲಿ ನೀನು ಸಮುದ್ರ ಸಾಕ್ತೀಯಾ? ಅದೂ ಡಬ್ಬೀಲಿ? ಪಿಯುಸಿ ಮುಗಿಸಿ ಹದಿನಾಲ್ಕು ವರ್ಷ ಆದವಳು ಡಿಗ್ರಿ ಬೇರೆ ಮಾಡ್ತೀಯಾ? ಎರಡೂ ಆಗೋದಿಲ್ಲ ಮಾರಾಯ್ತಿ, ಬರೆದಿಟ್ಕೋ.”

ಬರೆದಿಟ್ಟುಕೊಂಡೆ. ತೊಟ್ಟಿಯ ದಿನಚರಿಗೆಂದು ಕೊಟ್ಟ ದಪ್ಪ ಪುಸ್ತಕದ ಒಳರಟ್ಟಿನ ಮೇಲೆ ಪೆನ್ಸಿಲಿನಲ್ಲಿ ‘ಎರಡೂ ಆಗೋದಿಲ್ಲ’ ಎಂದು ಬರೆದೆ. ನಿವೃತ್ತಳಾಗುವಾಗ ಆ ಪುಸ್ತಕವನ್ನು ಕೇಳಿ ಪಡೆದು ಮನೆಗೆ ತಂದೆ. ಇದನ್ನು ಬರೆಯುವಾಗಲೂ ಅದು ನನ್ನ ಮುಂದಿದೆ.

ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರು ಯಾವ ಮೀನು ತರಬೇಕು, ಯಾವ ದೀಪ ಹಾಕಬೇಕು ಎಂದು ಕೇಳುತ್ತಾರೆ. ಯಾವ ನೀರು ಹಾಕಬೇಕು ಎಂದು ಕೇಳಿದವರು ಕಡಿಮೆ. ನನ್ನನ್ನು ಇಷ್ಟು ವರ್ಷ ಹೆದರಿಸಿದ್ದು ಮಾತ್ರ ನೀರೇ.

ನಮ್ಮಪ್ಪ ಉಪ್ಪಿನ ಆಗರದಲ್ಲಿ ಕೂಲಿ. ಹೆಬ್ಬೆಟ್ಟು ಒತ್ತಿಯೇ ಬದುಕು ಮುಗಿಸಿದರು. ನಮ್ಮ ಮನೆಯಲ್ಲಿ ಪಿಯುಸಿ ದಾಟಿದವರೇ ಇರಲಿಲ್ಲ. ನಾನು ದಾಟಿದೆ, ಅಷ್ಟರಲ್ಲಿ ಮದುವೆಯಾಯಿತು. ದೆಹಲಿಗೆ ಬಂದು ಮಗಳು ರಶ್ಮಿ ಶಾಲೆಗೆ ಹೋಗತೊಡಗಿದ ಮೇಲೆ ಹೌಜ್ ಖಾಸ್ ಕಡೆಯ ಒಂದು ಕಾಲೇಜಿನಲ್ಲಿ ಲ್ಯಾಬ್ ಅಟೆಂಡರ್ ಕೆಲಸ ಸಿಕ್ಕಿತು. ಗಾಜಿನ ಭರಣಿಗಳಲ್ಲಿ ಫಾರ್ಮಲಿನ್ ತುಂಬಿ ಇಟ್ಟಿದ್ದ ಸತ್ತ ಹಾವು, ಏಡಿಗಳ ಧೂಳು ಒರೆಸುವುದು ನನ್ನ ಕೆಲಸವಾಗಿತ್ತು.

ವಿಭಾಗದ ಮುಖ್ಯಸ್ಥೆ ಬಾತ್ರಾ ಮೇಡಂ ಒಂದು ದಿನ ಎಲ್ಲರನ್ನೂ ನಿಲ್ಲಿಸಿ, “ನಿಮ್ಮಲ್ಲಿ ಸಮುದ್ರ ನೋಡಿದವರು ಯಾರು?” ಎಂದು ಹಿಂದಿಯಲ್ಲಿ ಕೇಳಿದರು. ಕೈ ಎತ್ತಿದವಳು ನಾನೊಬ್ಬಳೇ.

“ಮೀನಿನ ಬಗ್ಗೆ ಗೊತ್ತಾ?”

“ಹಿಡಿಯೋದು ಗೊತ್ತು, ಹುರಿಯೋದು ಗೊತ್ತು ಮೇಡಂ. ಸಾಕೋದು ಗೊತ್ತಿಲ್ಲ.”

ಅವರು ನಕ್ಕರು. ಅವರು ನಕ್ಕದ್ದನ್ನು ನೋಡಿದ್ದು ಅದೇ ಮೊದಲು. ಮುಂದೆಯೂ ಹೆಚ್ಚು ಸಲ ನೋಡಲಿಲ್ಲ.

ತೊಟ್ಟಿ ಬಂತು. ಮುನ್ನೂರು ಲೀಟರ್. ಚೀಲದಲ್ಲಿ ಬರುವ ಸಮುದ್ರದ ಉಪ್ಪನ್ನು ನೀರಿಗೆ ಕಲಸಿ ತುಂಬಿಸಿದೆವು. ಕೆಲವು ತಿಂಗಳ ಮೇಲೆ ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟೆಯ ಎರಡು ಕ್ಲೌನ್ ಮೀನು, ಅವು ವಾಸಮಾಡುವ ಅನಿಮೋನ್, ಎರಡು ಕೆಂಪು ಸಿಗಡಿ, ಗಾಜು ಕೆರೆದು ಪಾಚಿ ತಿನ್ನುವ ಹತ್ತಾರು ಬಸವನಹುಳು ಬಂದವು. ಅನಿಮೋನ್ ನೋಡಲು ಹೂವಿನ ಹಾಗೆ, ಆದರೆ ಪ್ರಾಣಿ. ಬೆರಳುಗಳಂಥ ಎಸಳುಗಳನ್ನು ಚಾಚಿ ಆಡುತ್ತಿರುತ್ತದೆ.

ನನ್ನ ಮೊದಲ ತಪ್ಪು ನಡೆದದ್ದು ಆ ವರ್ಷದ ಬೇಸಿಗೆಯಲ್ಲಿ. ದೆಹಲಿಯ ಬಿಸಿಗಾಳಿ ಲೂ ಬೀಸುವಾಗ ಬಟ್ಟೆ ಹರಡಿ ತಿರುಗುವಷ್ಟರಲ್ಲಿ ಒಣಗಿರುತ್ತದೆ. ತೊಟ್ಟಿಯ ನೀರು ದಿನಕ್ಕೆ ಎರಡು ಬೆರಳು ಇಳಿಯುತ್ತಿತ್ತು. ಹೋದದ್ದು ಸಮುದ್ರದ ನೀರು, ಸಮುದ್ರದ ನೀರನ್ನೇ ತುಂಬಬೇಕು ಎಂದುಕೊಂಡು ದಿನವೂ ಉಪ್ಪು ಕಲಸಿ ಸುರಿದೆ. ಎರಡನೇ ವಾರಕ್ಕೆ ಮೀನುಗಳು ಏದುಸಿರು ಬಿಡತೊಡಗಿದವು. ಉಪ್ಪಿನಂಶ ಅಳೆಯುವ ಹೈಡ್ರೋಮೀಟರಿನ ಮುಳ್ಳು ಗೆರೆ ದಾಟಿ ಎಲ್ಲಿಗೋ ಹೋಗಿತ್ತು. ಹಿರಿಯ ಅಟೆಂಡರ್ ರಾಮ್‌ಫಲ್ ಭಯ್ಯಾ ಹಿಂದೆ ಬಂದು ನಿಂತು, “ಬೆಹನ್‌ಜಿ, ಉಪ್ಪಿನಕಾಯಿ ಹಾಕ್ತಾ ಇದ್ದೀರಾ?” ಎಂದು ಕೇಳಿದ.

ನಾಚಿಕೆ ನನಗೆ ತಟ್ಟಿದ್ದು ಆ ಮಾತಿನಿಂದಲ್ಲ. ನಾನು ಆಗರದ ಕೂಲಿಯ ಮಗಳು. ಬಿಸಿಲು ನೀರನ್ನಷ್ಟೇ ಒಯ್ಯುತ್ತದೆ, ಉಪ್ಪು ಉಳಿಯುತ್ತದೆ ಎಂಬುದರ ಮೇಲೆ ನಮ್ಮ ಮನೆಯ ಅನ್ನ ನಡೆದಿತ್ತು. ಅಪ್ಪನ ಬಿರಿದ ಪಾದ ನೋಡಿ ಬೆಳೆದವಳು ಅದನ್ನೇ ಮರೆತೆ! ಆವಿಯಾಗಿ ಹೋದ ಜಾಗಕ್ಕೆ ಸಿಹಿನೀರು ಹಾಕಬೇಕು. ಹಳೆಯ ನೀರು ತೆಗೆದು ಹೊಸದು ತುಂಬುವಾಗ ಮಾತ್ರ ಉಪ್ಪು ಕಲಸಬೇಕು. ಬಾತ್ರಾ ಮೇಡಂ ಬೈಯಲಿಲ್ಲ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಒಂದು ಟೇಪು ಅಂಟಿಸಿ, “ಈ ಗೆರೆಗೆ ದಿನವೂ ತಾ. ಎಷ್ಟು ಹಾಕಿದೆ, ಯಾವ ನೀರು ಹಾಕಿದೆ, ಬರೆ. ಅಂದಾಜು ಬರೀಬೇಡ” ಎಂದರು. ಉಪ್ಪನ್ನು ಒಂದೇ ಸಲ ಇಳಿಸಿದರೂ ಜೀವಕ್ಕೆ ಕುತ್ತು. ಆರು ದಿನ ಒಂದೊಂದೇ ಮಗ್ಗು ತೆಗೆದು ಒಂದೊಂದೇ ಮಗ್ಗು ಹಾಕಿ ಸರಿಮಾಡಿದೆ. ಆರೂ ದಿನ ಹಸಿವೆಯೆಂಬುದು ಆಗಲಿಲ್ಲ.

ಸಿಹಿನೀರು ಎಂದರೆ ಯಾವ ಸಿಹಿನೀರು ಎಂಬ ಪ್ರಶ್ನೆ ಆಗ ಎದ್ದಿತು. ನಲ್ಲಿ ನೀರಿಗೆ ಒಂದು ದಿನ ಈಜುಕೊಳದ ವಾಸನೆ, ಮರುದಿನ ಕೊಳವೆಬಾವಿಯ ಮಣ್ಣಿನ ವಾಸನೆ. ಬಕೆಟ್ಟಿನಲ್ಲಿ ಒಂದು ದಿನ ಇಟ್ಟರೆ ವಾಸನೆ ಹೋಗುತ್ತಿತ್ತು, ಗಡಸು ಹೋಗುತ್ತಿರಲಿಲ್ಲ. ಅದನ್ನು ಹಾಕಿದ ತಿಂಗಳು ತೊಟ್ಟಿಯೊಳಗಿನ ಬಂಡೆಯ ಮೇಲೆಲ್ಲ ಕೂದಲಿನಂಥ ಹಸಿರು ಪಾಚಿ ಬೆಳೆಯಿತು. ರಾಮ್‌ಫಲ್ ಭಯ್ಯಾ ಕ್ಯಾಂಟೀನಿನಿಂದ ಸೀಲು ಹಾಕಿದ ಇಪ್ಪತ್ತು ಲೀಟರಿನ ಜಾರು ಹೊತ್ತು ತಂದ. ನೀರಿನಲ್ಲಿ ಕರಗಿದ್ದನ್ನು ಅಂಕಿಯಲ್ಲಿ ತೋರಿಸುವ ಟಿಡಿಎಸ್ ಮೀಟರ್ ಆಗಷ್ಟೇ ಬಂದಿತ್ತು. ಅದ್ದಿ ನೋಡಿದರೆ ಜಾರಿನ ನೀರು ನಲ್ಲಿ ನೀರಿಗಿಂತ ಒಂದಿಷ್ಟೇ ಕಡಿಮೆ.

“ಭಯ್ಯಾ, ಇದು ಸೀಲು ಹಾಕಿದ ನಲ್ಲಿ ನೀರು!”

“ಮಿನರಲ್ ವಾಟರ್ ಅಲ್ವಾ ಬೆಹನ್‌ಜಿ? ಮಿನರಲ್ ಇಲ್ಲದೆ ಏನಿರುತ್ತೆ?”

ಕಡೆಗೆ ಮೇಡಂ ಹೋರಾಡಿ ಒಂದು ಆರ್‌ಓ ಯಂತ್ರ ತರಿಸಿದರು. ಅದರಿಂದ ಬಂದ ನೀರು ಮತ್ತೊಂದು ರಾಳದ ಕೊಳವೆಯ ಮೂಲಕ ಇಳಿದು ಬಂದರೆ ಮೀಟರ್ ಸೊನ್ನೆ ತೋರಿಸುತ್ತಿತ್ತು. ಆ ಸೊನ್ನೆ ನೋಡಿದಾಗ ಆಗುತ್ತಿದ್ದ ನೆಮ್ಮದಿ ಪರೀಕ್ಷೆಯ ಯಾವ ಅಂಕದಿಂದಲೂ ನನಗೆ ಸಿಕ್ಕಿಲ್ಲ. ಸಿಕ್ಕ ಅಂಕಗಳೂ ಹಾಗೇ ಇದ್ದವು ಅನ್ನಿ.

ಡಿಗ್ರಿಯ ಕಥೆ ಚಿಕ್ಕದು. ಆರು ವರ್ಷದೊಳಗೆ ಮುಗಿಸದಿದ್ದರೆ ನೋಂದಣಿಯೇ ರದ್ದು. ರಸಾಯನಶಾಸ್ತ್ರದಲ್ಲಿ ಎರಡು ಸಲ ಬಿದ್ದೆ. ರಶ್ಮಿಗೆ ಕಾಮಾಲೆಯಾದ ವರ್ಷ ಪರೀಕ್ಷೆಗೇ ಕೂರಲಿಲ್ಲ. ಭಾನುವಾರದ ಪ್ರಾಯೋಗಿಕ ತರಗತಿಗಳಲ್ಲಿ ಪಕ್ಕ ಕುಳಿತ ಮಕ್ಕಳು ನನ್ನನ್ನು ‘ಆಂಟಿ’ ಎನ್ನುತ್ತಿದ್ದರು, ಕೆಲವರು ನಾನೇ ಅಧ್ಯಾಪಕಿ ಎಂದುಕೊಂಡು ಎದ್ದು ನಿಲ್ಲುತ್ತಿದ್ದರು. ಆರನೇ ವರ್ಷಕ್ಕೆ ಬರುವ ಹೊತ್ತಿಗೆ ಎಲ್ಲ ಮುಗಿದು ಉಳಿದದ್ದು ಒಂದೇ ಪ್ರಾಜೆಕ್ಟ್ ವರದಿ. ವಿಷಯ ನನ್ನ ತೊಟ್ಟಿಯೇ: ಒಂದು ಬೇಸಿಗೆಯಿಡೀ ಹಾಕಿದ ನೀರು ಮತ್ತು ಜೀವಿಗಳ ಸ್ಥಿತಿ. ಜೂನ್ ಕೊನೆಗೆ ಒಪ್ಪಿಸಬೇಕು. ತೊಟ್ಟಿ ಸತ್ತರೆ ವರದಿ ಸಾಯುತ್ತದೆ, ವರದಿ ಸತ್ತರೆ ಆರು ವರ್ಷವೂ ಹೋಗುತ್ತದೆ. ಆ ಮೇ ತಿಂಗಳಲ್ಲಿ ಬಸ್ಸಿನಿಂದ ಇಳಿದು, ಮೆಟ್ರೋಗಾಗಿ ಅಗೆದ ರಸ್ತೆಯ ಹಲಗೆಗಳ ಮೇಲೆ ಓಡುತ್ತ ಹೋಗಿ, ಬೀಗ ತೆಗೆಯುವ ಮೊದಲು ಬಾಗಿಲಿಗೆ ಕಿವಿಕೊಡುತ್ತಿದ್ದೆ. ಗಾಳಿಪಂಪಿನ ಗುಳುಗುಳು ಕೇಳಿಸಿದರೆ ಮಾತ್ರ ಉಸಿರು ಬರುತ್ತಿತ್ತು.

ಅಂಥ ಮೇ ತಿಂಗಳಲ್ಲೇ ಆರ್‌ಓ ಯಂತ್ರ ಕೆಟ್ಟಿತು. ರಿಪೇರಿಯವನು ನಾಳೆ ಬರುತ್ತೇನೆ ಎಂದ. ಐದು ದಿನವೂ ಹಾಗೇ ಎಂದ.

ನೀರು ದಿನವೂ ಇಳಿಯುತ್ತಿತ್ತು. ನಮ್ಮ ಮನೆಯಲ್ಲಿ ಸಣ್ಣ ಆರ್‌ಓ ಫಿಲ್ಟರ್ ಒಂದಿತ್ತು, ಅದರ ನೀರು ಚೆನ್ನಾಗಿತ್ತು. ಆದರೆ ಸಂಜೆ ಅದರಿಂದ ಬಂದ ನೀರನ್ನೆಲ್ಲ ಅತ್ತೆ ತಮ್ಮ ತಾಮ್ರದ ಕೊಡಕ್ಕೆ ತುಂಬಿಸಿ ಮುಚ್ಚಿಡುತ್ತಿದ್ದರು. ಬೆಳಗ್ಗೆ ಎಲ್ಲರೂ ಆ ನೀರನ್ನೇ ಕುಡಿಯಬೇಕು. ನಮ್ಮ ಕಡೆ ಇದು ಹೊಸದೇನಲ್ಲ, ನಾನೂ ಚಿಕ್ಕಂದಿನಿಂದ ಕುಡಿದವಳೇ.

“ಅತ್ತೆ, ನಿಮ್ಮ ಕೊಡದಿಂದ ಒಂದು ಕ್ಯಾನು ನೀರು ಒಯ್ಯಲಾ?”

“ನಿನ್ನ ಮೀನಿಗಾ?”

“ಹೂಂ.”

“ಒಯ್ಯಿ. ಫಿಲ್ಟರ್ ನೀರು, ಮೇಲೆ ತಾಮ್ರದಲ್ಲಿ ಇಟ್ಟದ್ದು. ಅದಕ್ಕಿಂತ ಶುದ್ಧ ಇನ್ಯಾವುದು? ನಿನ್ನ ಮೀನುಗಳಿಗೂ ಒಂದಿಷ್ಟು ಆರೋಗ್ಯ ಬರಲಿ.” ಅವತ್ತಿನಿಂದ ನನಗಾಗಿಯೇ ಕೊಡವನ್ನು ಹುಣಸೆಹಣ್ಣು ಹಚ್ಚಿ ಇನ್ನೂ ಹೊಳೆಯುವಂತೆ ತಿಕ್ಕತೊಡಗಿದರು.

ಕಾಲೇಜಿನಲ್ಲಿ ಮೀಟರ್ ಅದ್ದಿದೆ. ಇಪ್ಪತ್ತೆರಡು. ಒಳ್ಳೆಯ ಅಂಕಿ. ಪುಸ್ತಕದಲ್ಲಿ ‘ಮನೆಯ ಆರ್‌ಓ ನೀರು, ೨೨’ ಎಂದು ಬರೆದು ಟೇಪಿನ ಗೆರೆಗೆ ತುಂಬಿಸಿದೆ. ಐದು ದಿನ ದಿನಕ್ಕೊಂದು ಕ್ಯಾನು. ಮೂರನೇ ದಿನ ಬಾತ್ರಾ ಮೇಡಂ ಪುಸ್ತಕ ನೋಡಿ ಸಹಿ ಹಾಕಿದರು. ಮನೆಯ ನೀರು ಎಂದು ಬರೆದಿದ್ದೆನೇ ಹೊರತು ಕೊಡ ಎಂದು ಬರೆದಿರಲಿಲ್ಲ. ಕೊಡವೂ ಬರೆಯುವಂಥ ವಿಷಯ ಎಂದು ನನಗೆ ಹೊಳೆದೇ ಇರಲಿಲ್ಲ.

ಆರನೇ ದಿನ ಬೆಳಗ್ಗೆ ಬಸವನಹುಳುಗಳು ಗಾಜು ಬಿಟ್ಟು ಮರಳಿಗೆ ಬಿದ್ದಿದ್ದವು. ಸೋಮಾರಿಗಳಾಗಿವೆ ಎಂದುಕೊಂಡೆ. ಬಂಡೆಯ ಸಂದಿಯಲ್ಲಿ ಸಿಗಡಿಯ ಪೂರ್ತಿ ಆಕಾರ ಕಂಡಿತು, ಮೀಸೆಸಹಿತ. ಸಿಗಡಿ ಬೆಳೆಯುವಾಗ ಹಳೆಯ ಚಿಪ್ಪನ್ನು ಇಡಿಯಾಗಿ ಕಳಚಿಡುತ್ತದೆ. ಹೊಸಬರು ಸತ್ತಿತೆಂದು ಗಾಬರಿಯಾಗುವುದುಂಟು, ನಾನೂ ಮೊದಲ ವರ್ಷ ಹಾಗೆ ಅತ್ತಿದ್ದೆ. ಇದೂ ಚಿಪ್ಪೇ ಇರಬೇಕು ಎಂದು ಕಡ್ಡಿಯಿಂದ ಮುಟ್ಟಿದೆ. ಚಿಪ್ಪಾಗಿದ್ದರೆ ಹಗುರವಾಗಿ ತೇಲಬೇಕು. ಅದು ತೇಲಲಿಲ್ಲ. ಒಳಗೆ ಮೈಯಿತ್ತು.

ಎರಡನೆಯ ಸಿಗಡಿಯನ್ನು ಹುಡುಕಿದೆ, ಅದೂ ಸತ್ತಿತ್ತು. ಅನಿಮೋನ್ ಎಸಳುಗಳನ್ನೆಲ್ಲ ಒಳಗೆಳೆದುಕೊಂಡು ಮುಷ್ಟಿಯಷ್ಟಾಗಿತ್ತು. ಎರಡು ಮೀನುಗಳು ಮಾತ್ರ ಏನೂ ಆಗದವರಂತೆ ಅದರ ಸುತ್ತ ಸುತ್ತುತ್ತಿದ್ದವು.

ಉಪ್ಪು ಅಳೆದೆ, ಸರಿಯಿತ್ತು. ಬಿಸಿ ಅಳೆದೆ, ಸರಿಯಿತ್ತು. ಬಾತ್ರಾ ಮೇಡಂ ಬಂದು ಬಹಳ ಹೊತ್ತು ಗಾಜಿಗೆ ಮೂಗು ತಾಗಿಸಿ ನಿಂತರು.

“ಮೀನಿಗೆ ಏನೂ ಆಗಿಲ್ಲ. ಮೂಳೆಯಿಲ್ಲದವು ಮಾತ್ರ ಸಾಯ್ತಿವೆ. ಹೊಸದೇನು ಹಾಕಿದೆ?”

“ಏನೂ ಇಲ್ಲ ಮೇಡಂ. ನೀರು ಅಷ್ಟೇ.”

“ಯಾವ ನೀರು?”

“ಮನೆಯದು. ಮೀಟರಿನಲ್ಲಿ ಇಪ್ಪತ್ತೆರಡೇ ಇತ್ತು.”

“ಮೀಟರ್ ಎಷ್ಟು ಕರಗಿದೆ ಅಂತ ಹೇಳುತ್ತೆ. ಏನು ಕರಗಿದೆ ಅಂತ ಹೇಳುತ್ತಾ?” ಅವರು ನನ್ನ ಕಡೆ ತಿರುಗಿದರು. “ನಲ್ಲಿಯಿಂದ ಈ ಕ್ಯಾನಿನವರೆಗೆ ಆ ನೀರು ಎಲ್ಲೆಲ್ಲಿ ಹೋಗಿ ಬಂತು? ಒಂದೊಂದಾಗಿ ಹೇಳು.”

ಹೇಳತೊಡಗಿದೆ. ನಲ್ಲಿ, ಫಿಲ್ಟರ್, ಪ್ಲಾಸ್ಟಿಕ್ ಪೈಪು, ಕೊಡ... ಅಲ್ಲಿಗೆ ಬಾಯಿ ನಿಂತುಹೋಯಿತು. ಎರಡು ಸಲ ಬಿದ್ದರೂ ರಸಾಯನಶಾಸ್ತ್ರ ಅಷ್ಟು ನೆನಪಿತ್ತು. ಹುಣಸೆಹುಳಿಯಲ್ಲಿ ತಿಕ್ಕಿದ ತಾಮ್ರ, ಹೆಚ್ಚೇನೂ ಕರಗಿರದ ಹಸಿದ ನೀರು, ಇಡೀ ರಾತ್ರಿ. ಮನುಷ್ಯರಿಗೆ ಏನೂ ಆಗದಷ್ಟು ತಾಮ್ರ ಸಿಗಡಿಗೆ, ಬಸವನಹುಳುವಿಗೆ ವಿಷ.

ಕೆಮಿಸ್ಟ್ರಿ ವಿಭಾಗದಲ್ಲಿ ಪರೀಕ್ಷೆ ಮಾಡಿಸಿದರು. ಕೊಳವೆಯಲ್ಲಿ ಬಣ್ಣ ತಿರುಗಿತು, ತಾಮ್ರವೇ.

ಈಗ ತೊಟ್ಟಿಯ ನೀರು ಬದಲಿಸಬೇಕು, ಅದಕ್ಕೂ ನೀರೇ ಬೇಕು! ಇನ್ವರ್ಟರ್ ಅಂಗಡಿಯಿಂದ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು ತರುತ್ತೇನೆ ಎಂದು ರಾಮ್‌ಫಲ್ ಭಯ್ಯಾ ಹೊರಟೇ ಬಿಟ್ಟಿದ್ದ. “ನಿಲ್ಲು! ಅದನ್ನು ಯಾವ ಪಾತ್ರೆಯಲ್ಲಿ ಕಾಯಿಸಿದ್ದಾರೋ ಯಾರು ಬಲ್ಲರು?” ಎಂದು ಮೇಡಂ ಕೂಗಿದರು. ಕೆಮಿಸ್ಟ್ರಿಯವರ ಹತ್ತಿರ ಗಾಜಿನ ಭಟ್ಟಿಯಿತ್ತು, ನೀರು ತೊಟ್ಟುತೊಟ್ಟಾಗಿ ಇಳಿಯುತ್ತಿತ್ತು. ಮೂರು ದಿನ ಬೆಳಗ್ಗೆಯಿಂದ ಸಂಜೆಯವರೆಗೆ ಅದರ ಮುಂದೆ ಸ್ಟೂಲು ಹಾಕಿ ಕುಳಿತೆ. ತುಂಬಿದ ಕ್ಯಾನನ್ನು ರಾಮ್‌ಫಲ್ ಭಯ್ಯಾ ಹೊತ್ತೊಯ್ಯುತ್ತಿದ್ದ. ಉಪ್ಪು ಕಲಸಿ ಸ್ವಲ್ಪಸ್ವಲ್ಪವೇ ಬದಲಿಸಿದೆವು, ಇದ್ದಿಲಿನ ಚೀಲ ಇಳಿಬಿಟ್ಟೆವು. ಸತ್ತ ಬಸವನಹುಳುಗಳನ್ನು ಎಣಿಸಿ ಪುಸ್ತಕದಲ್ಲಿ ಬರೆದೆ. ಒಂದೂ ಉಳಿದಿರಲಿಲ್ಲ. ಅನಿಮೋನ್ ಮುಷ್ಟಿ ಬಿಚ್ಚಲಿಲ್ಲ.

ಮನೆಯಲ್ಲಿ ಅತ್ತೆಗೆ ಹೇಗೆ ಹೇಳುವುದೆಂದು ತಿಳಿಯಲಿಲ್ಲ. ಕಡೆಗೆ ರಶ್ಮಿ ಹಿಂದಿ ಬೆರೆತ ತನ್ನ ಕನ್ನಡದಲ್ಲಿ ಹೇಳಿಬಿಟ್ಟಳು. “ಅಜ್ಜಿ, ಆಪ್‌ಕೇ ಕೊಡ ಸೇ ಅಮ್ಮನ ಸಿಗಡಿ ಎಲ್ಲಾ ಸತ್ತೋಯ್ತು.”

ಅತ್ತೆ ನನ್ನ ಮುಖ ನೋಡಿದರು. “ಶೆಟ್ಲಿ ಸತ್ತದ್ದಕ್ಕೆ ಅಳೋದಾ? ನಾವು ಒಣಗಿಸಿ ಚಟ್ನಿ ಮಾಡಿ ತಿಂದವರು” ಎಂದರು. ನಾನು ನಗಲಿಲ್ಲ. ಅವರೂ ನಗಲಿಲ್ಲ. “ನಿನ್ನ ಪರೀಕ್ಷೆ?” ಎಂದು ಕೇಳಿದರು.

“ಗೊತ್ತಿಲ್ಲ ಅತ್ತೆ.”

ಗಣಪತಿ ಉಪಾಯ ಹೇಳಿದರು. “ಬಿಸಿಲಿಗೆ ಸತ್ತವು ಅಂತ ಬರಿ. ಈ ಸೆಕೆಯಲ್ಲಿ ಯಾರು ನಂಬೋದಿಲ್ಲ? ನೀನೇ ವಿಷ ಹಾಕಿದೆ ಅಂತ ಬರೆದರೆ ಪಾಸು ಮಾಡ್ತಾರಾ?”

ಎರಡು ದಿನ ಆ ಮಾತು ತಲೆಯಲ್ಲಿ ಸುತ್ತಿತು. ಬಿಸಿಲು ಎಂದು ಒಂದು ಪುಟ ಬರೆದೂ ನೋಡಿದೆ. ಆದರೆ ಪುಸ್ತಕದಲ್ಲಿ ಪ್ರತಿದಿನದ ಬಿಸಿಯ ಅಳತೆ ನನ್ನದೇ ಕೈಬರಹದಲ್ಲಿತ್ತು. ಅಂಕಿಗಳು ಬಿಸಿಲಿನ ಪರವಾಗಿ ಸಾಕ್ಷಿ ಹೇಳುತ್ತಿರಲಿಲ್ಲ. ಆ ಪುಟ ಹರಿದೆ. ಇದ್ದದ್ದನ್ನು ಇದ್ದ ಹಾಗೆ, ಕೊಡ, ಹುಣಸೆಹಣ್ಣು, ಇಪ್ಪತ್ತೆರಡು ಎಂಬ ಅಂಕಿ, ನನ್ನ ನಂಬಿಕೆ, ಎಲ್ಲವನ್ನೂ ಬರೆಯತೊಡಗಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು.

“ನನ್ನ ಹೆಸರೂ ಬರೀತೀಯಾ?”

“ಇಲ್ಲ ಅತ್ತೆ. ಕೊಡ ಅಂತ ಬರೀತೀನಿ. ಸುರಿದವಳು ನಾನು ಅಂತ ಬರೀತೀನಿ.”

ಸಿಗಡಿಗಳು ಸತ್ತ ಒಂಬತ್ತನೆಯ ದಿನ ಬೆಳಗ್ಗೆ ಬೀಗ ತೆಗೆದು ದೀಪ ಹಾಕಿದಾಗ ಅನಿಮೋನಿನ ಒಂದು ಬದಿಯಿಂದ ನಾಲ್ಕು ಎಸಳು ಹೊರಗೆ ಬಂದಿದ್ದವು. ದೊಡ್ಡ ಮೀನು ಅವುಗಳಿಗೆ ಮೈ ಒರೆಸಿ ಒರೆಸಿ ಹೋಗುತ್ತಿತ್ತು. ರಾಮ್‌ಫಲ್ ಭಯ್ಯಾನನ್ನು ಕರೆದೆ. ಅವನು ನೋಡಿ, “ಚಲೋ, ಉಪ್ಪಿನಕಾಯಿ ಕೆಡಲಿಲ್ಲ” ಎಂದ. ನಾನು ಸ್ಟೂಲಿನ ಮೇಲೆ ಕುಳಿತು ಅತ್ತುಬಿಟ್ಟೆ. ಸಂಜೆಯ ಹೊತ್ತಿಗೆ ಎಸಳು ಹನ್ನೊಂದಾಗಿದ್ದವು. ವರದಿಯ ಕೊನೆಯ ಸಾಲಿನಲ್ಲಿ ಆ ಹನ್ನೊಂದನ್ನು ಬರೆದು ಮುಗಿಸಿದೆ.

ಮೌಖಿಕ ಪರೀಕ್ಷೆಗೆ ಬಂದಿದ್ದವರು ಒಬ್ಬ ವಯಸ್ಸಾದ ಪ್ರೊಫೆಸರು. ವರದಿಯನ್ನು ಮೇಜಿನ ಮೇಲಿಟ್ಟು ಕೇಳಿದರು.

“ಜೀವಿಗಳನ್ನು ಕೊಂದವಳು ನೀನೇ ಅಂತ ನೀನೇ ಬರೆದಿದ್ದೀಯ.”

“ಹೌದು ಸರ್.”

“ಶುದ್ಧ ನೀರು ಅಂದರೆ ಯಾವುದು?”

“ಯಾರಿಗೆ ಸರ್? ಅದನ್ನು ಹೇಳಿದರೆ ಯಾವುದು ಅಂತ ಹೇಳ್ತೀನಿ.”

ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಬೇರೆ ಪ್ರಶ್ನೆ ಕೇಳಲಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ಎರಡೂವರೆ ತಿಂಗಳು ಅಂಚೆಯವನ ಸೈಕಲ್ ಗಂಟೆಗೆ ಬೆಚ್ಚಿಬೀಳುತ್ತಿದ್ದೆ.

ಈ ಕೆಲಸಕ್ಕೆ ಬರುವವರಿಗೆ ನನ್ನದು ಒಂದೇ ಮಾತು. ನೀರು ಎಷ್ಟು ಶುದ್ಧ ಎಂದು ಕೇಳುವ ಮೊದಲು ಅದು ಎಲ್ಲೆಲ್ಲಿ ಕುಳಿತು ಬಂತು ಎಂದು ಕೇಳಿ. ಪೈಪು, ಪಾತ್ರೆ, ಮುಚ್ಚಳ ಎಲ್ಲವನ್ನೂ ಬರೆದಿಡಿ. ಈಗ ತೇಲುವ ಬಿರಡೆಯಿದೆ, ನೀರು ತಾನೇ ಗೆರೆಗೆ ತುಂಬಿಕೊಳ್ಳುತ್ತದೆ. ಉಪ್ಪು ಅಳೆಯಲು ಕಣ್ಣಿಗೆ ಹಿಡಿದು ನೋಡುವ ಉಪಕರಣವಿದೆ. ಯಂತ್ರ ಎಷ್ಟೇ ಒಳ್ಳೆಯದಿದ್ದರೂ, ನೀವು ಚಿಕ್ಕಂದಿನಿಂದ ಒಳ್ಳೆಯದೆಂದು ನಂಬಿದ್ದನ್ನು ಅದು ನಿಮ್ಮ ಬದಲಿಗೆ ಪರೀಕ್ಷಿಸುವುದಿಲ್ಲ.

ಘಟಿಕೋತ್ಸವಕ್ಕೆ ಹೋಗಲಾಗಲಿಲ್ಲ, ಅವತ್ತು ತೊಟ್ಟಿಯ ನೀರು ಬದಲಿಸುವ ದಿನ. ಮುಂದಿನ ವಾರ ಪ್ರಾದೇಶಿಕ ಕೇಂದ್ರದ ಕೌಂಟರಿನ ಮುಂದೆ ಸಾಲಿನಲ್ಲಿ ನಿಂತೆ. ಗುಮಾಸ್ತ ಗುರುತಿನ ಚೀಟಿ ನೋಡಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು, ಕಿಂಡಿಯಿಂದ ಪ್ರಮಾಣಪತ್ರವನ್ನು ಹೊರಗೆ ಚಾಚಿದ. ಸಹಿ ಹಾಕುವಾಗ ನನ್ನ ಹೆಬ್ಬೆರಳಿಗೆ ಮಸಿ ಹತ್ತಲಿಲ್ಲ. ಅಪ್ಪ ನೆನಪಾದರು.

ಮನೆಗೆ ಬಂದು ಅತ್ತೆಯ ಕೈಗೆ ಕೊಟ್ಟೆ. ಅವರು ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ತೆಗೆದುಕೊಂಡರು. ಓದು ಬಾರದವರು. “ನಿನ್ನ ಹೆಸರು ಎಲ್ಲಿದೆ?” ಎಂದು ಕೇಳಿ, ನಾನು ತೋರಿಸಿದ ಜಾಗದ ಮೇಲೆ ಬೆರಳಿಟ್ಟರು. ‘ನಾಗವೇಣಿ’ ಎಂದು ಓದಿ ಹೇಳಿದೆ. ಬೆರಳು ಅಲ್ಲೇ ಬಹಳ ಹೊತ್ತು ಇತ್ತು. ಆಮೇಲೆ ಅಡುಗೆಮನೆಯ ಕಡೆ ಒಂದು ಸಲ ನೋಡಿ, ಪತ್ರವನ್ನು ನನ್ನ ಕೈಗೇ ಹಿಂದಿರುಗಿಸಿದರು.

“ಎಲ್ಲಾದರೂ ಒಣಗಿದ ಕಡೆ ಜೋಪಾನವಾಗಿ ಇಡು ಮಾರಾಯ್ತಿ. ನನ್ನ ಕೊಡದ ಹತ್ತಿರ ಮಾತ್ರ ಇಡಬೇಡ.”